ಉಳಿಗೆ ಸಾಣೆ ಹಿಡಿಯುವ ಗೈಡ್: ಆರಿಸುವುದು ಹೇಗೆ?

(ಸಂಘದ ವಾರದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಎಲ್ಲರೂ ಸೇರಿ ಚರ್ಚಿಸಬೇಕಾದ ಪಾಠ)



ಸ್ವಸಹಾಯ ಸಂಘ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಟೈಲರಿಂಗ್, ಅಗರಬತ್ತಿ, ಉಪ್ಪಿನಕಾಯಿ, ಫಿನಾಯಿಲ್. ಆದರೆ ನಮ್ಮ ಟಿ. ದಾಸರಹಳ್ಳಿಯ ಸುತ್ತಮುತ್ತ ಇನ್ನೊಂದು ಕಸುಬು ಕಣ್ಣೆದುರಿಗೇ ಇದೆ. ಅದು ಮರದ ಕೆಲಸ. ಪೀಣ್ಯದಿಂದ ಹೊರ ಊರಿಗೆ ಹೋಗುವ ಯಂತ್ರಗಳಿಗೆ ಮರದ ಪೆಟ್ಟಿಗೆ ಬೇಕು, ಪ್ಯಾಲೆಟ್ ಬೇಕು. ಹೊಸ ಮನೆಗಳಿಗೆ ಬಾಗಿಲು, ಕಿಟಕಿ, ಕಪಾಟು ಬೇಕು. ಇಂಥ ಕೆಲಸದಲ್ಲಿ ಉಳಿಯುವ ತುಂಡು ಮರದಿಂದ ಫೋಟೋ ಚೌಕಟ್ಟು, ಕೂರುವ ಮಣೆ, ಬೀಗದ ಕೈ ನೇತು ಹಾಕುವ ಹಲಗೆ, ದೇವರ ಪೀಠ, ಕ್ರಿಸ್ಮಸ್ ಕಾಲಕ್ಕೆ ಗೋದಲಿ ಮಾಡಿ ಮಾರಬಹುದು. ಇದು ಗಂಡಸರ ಕೆಲಸ ಅಂತ ಯಾವ ಮರದ ಮೇಲೂ ಬರೆದಿಲ್ಲ.

ಈ ಕೆಲಸಕ್ಕೆ ಕೈ ಹಾಕಿದ ಹೆಣ್ಣುಮಕ್ಕಳಿಗೆ ಮೊದಲು ಎದುರಾಗುವ ತೊಡಕು ಮರ ಕಡಿಯುವುದಲ್ಲ, ಅಳತೆ ಹಾಕುವುದೂ ಅಲ್ಲ. ಉಳಿ ಮೊಂಡಾಗುವುದು. ಉಳಿ ಮೊಂಡಾದ ದಿನ ಕೆಲಸ ನಿಲ್ಲುತ್ತದೆ. ಮನೆಯವರು ಶಿಫ್ಟ್ ಮುಗಿಸಿ ಬರಲಿ ಅಂತ ಕಾಯಬೇಕು. ಇಲ್ಲಾಂದ್ರೆ ಪಕ್ಕದ ರಸ್ತೆಯ ಆಚಾರಿಯವರ ಹತ್ತಿರ ಹೋಗಿ ನಿಲ್ಲಬೇಕು. ಅವರಿಗೂ ಅವರದೇ ಕೆಲಸ ಇರುತ್ತದೆ, "ನಾಳೆ ನೋಡೋಣ ಕಣಮ್ಮ" ಅಂತಾರೆ. ಆ ನಾಳೆ ಬರುವಷ್ಟರಲ್ಲಿ ಆರ್ಡರಿನ ದಿನ ದಾಟಿರುತ್ತದೆ. ತನ್ನ ಉಪಕರಣವನ್ನು ತಾನೇ ಹರಿತ ಮಾಡಿಕೊಳ್ಳಲು ಬಾರದಿದ್ದರೆ ಕಸುಬು ನಮ್ಮ ಕೈಯಲ್ಲಿ ಇದ್ದ ಹಾಗೆ ಆಗುವುದಿಲ್ಲ. ಅದಕ್ಕೇ ಈ ಪಾಠ.

ಮೊಂಡು ಉಳಿಯಿಂದ ಆಗುವ ನಷ್ಟ

ಬೈಬಲಿನ ಉಪದೇಶಕ ಗ್ರಂಥದ 10ನೇ ಅಧ್ಯಾಯದಲ್ಲಿ ಒಂದು ಬುದ್ಧಿಮಾತು ಇದೆ. ಕೊಡಲಿ ಮೊಂಡಾಗಿದ್ದು ಅದರ ಬಾಯಿಯನ್ನು ಮಸೆಯದೆ ಹೋದರೆ ಹೆಚ್ಚು ಬಲ ಹಾಕಬೇಕಾಗುತ್ತದೆ ಎಂಬುದು ಅದರ ಸಾರ. ಉಳಿಗೂ ಇದೇ ಮಾತು. ಮೊಂಡು ಉಳಿ ಮರವನ್ನು ಕತ್ತರಿಸುವುದಿಲ್ಲ, ಸಿಗಿಯುತ್ತದೆ. ಕೆಲಸ ಒರಟಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಬಲ ಹಾಕಿ ತಳ್ಳುವಾಗ ಉಳಿ ಜಾರುತ್ತದೆ, ಜಾರಿದರೆ ಎಡಗೈಗೆ ತಗಲುತ್ತದೆ. "ಹರಿತ ಇದ್ದರೆ ಅಪಾಯ ಅಕ್ಕ, ಮೊಂಡು ಇದ್ದರೇ ವಾಸಿ" ಅಂತ ಕೆಲವರು ಅಂದುಕೊಳ್ಳುತ್ತಾರೆ. ಅದು ತಪ್ಪು ತಿಳುವಳಿಕೆ. ಅಡುಗೆಮನೆಯ ಚಾಕು ನೆನಪು ಮಾಡಿಕೊಳ್ಳಿ. ಟೊಮೆಟೊ ಸಿಪ್ಪೆಯ ಮೇಲೆ ಜಾರುವುದು ಮೊಂಡು ಚಾಕುವೇ.

ಗೈಡ್ ಅಂದರೆ ಏನು?

ಇದು ಮಕ್ಕಳ ಪರೀಕ್ಷೆಯ ಗೈಡ್ ಅಲ್ಲ! ಉಳಿಯನ್ನು ಹಿಡಿದುಕೊಳ್ಳುವ ಒಂದು ಪುಟ್ಟ ಗಾಡಿ. ಮೇಲೆ ಉಳಿಯನ್ನು ಬಿಗಿಯುವ ಹಿಡಿ, ಕೆಳಗೆ ಒಂದು ಉರುಳೆ. ಅಂಗಡಿಯಲ್ಲಿ 'ಹೋನಿಂಗ್ ಗೈಡ್' ಅಂತ ಕೇಳಬೇಕು.

ಉಳಿಯ ತುದಿಯನ್ನು ಪಕ್ಕದಿಂದ ನೋಡಿ. ಒಂದು ಕಡೆ ಚಪ್ಪಟೆ ಬೆನ್ನು, ಇನ್ನೊಂದು ಕಡೆ ಇಳಿಜಾರು. ಇವೆರಡೂ ಸೇರುವ ಗೆರೆಯೇ ಬಾಯಿ. ಇಳಿಜಾರು ಎಷ್ಟು ಡಿಗ್ರಿ ಇದೆ ಎಂಬುದರ ಮೇಲೆ ಉಳಿಯ ಕೆಲಸ ನಿಂತಿದೆ. ಸಾಮಾನ್ಯವಾಗಿ ಇಳಿಜಾರನ್ನು 25 ಡಿಗ್ರಿಗೆ ಮಸೆದು, ತುದಿಯ ಸಣ್ಣ ಅಂಚನ್ನು ಮಾತ್ರ 30 ಡಿಗ್ರಿಗೆ ಸಾಣೆ ಹಿಡಿಯುತ್ತಾರೆ. ಅಂಚು ಕಿರಿದಾಗಿರುವುದರಿಂದ ಸಾಣೆ ಬೇಗ ಮುಗಿಯುತ್ತದೆ. ಮೃದು ಮರಕ್ಕೆ 25 ಡಿಗ್ರಿಯೇ ಸಾಕು. ತೇಗ, ಹೊನ್ನೆಯಂಥ ಮರಕ್ಕೆ ಕೊಡತಿಯಿಂದ ಹೊಡೆದು ಕೆಲಸ ಮಾಡುವುದಾದರೆ 30 ಡಿಗ್ರಿ ಬೇಕು. ಇಲ್ಲದಿದ್ದರೆ ಬಾಯಿ ಮುಕ್ಕಾಗುತ್ತದೆ.

ಕಲ್ಲಿನ ಮೇಲೆ ಉಳಿಯನ್ನು ಮುಂದಕ್ಕೂ ಹಿಂದಕ್ಕೂ ಎಳೆಯುವಾಗ ಹೊಸಬರ ಕೈ ಏಳುತ್ತದೆ, ಬೀಳುತ್ತದೆ. ಆಗ ಕೋನ ಕೆಟ್ಟು ಬಾಯಿ ಗುಂಡಗಾಗುತ್ತದೆ. ಗೈಡ್ ಈ ಒಂದು ಕೆಲಸವನ್ನು ಮಾತ್ರ ಮಾಡುತ್ತದೆ: ಕೋನವನ್ನು ಅಲುಗಾಡದಂತೆ ಹಿಡಿಯುತ್ತದೆ. ಹರಿತ ಮಾಡುವುದು ಕಲ್ಲು, ಗೈಡ್ ಅಲ್ಲ. ಈ ಮಾತು ನೆನಪಿದ್ದರೆ ಅಂಗಡಿಯಲ್ಲಿ ಯಾರೂ ನಮಗೆ ಬೇಡದ್ದನ್ನು ಮಾರಲಾರರು.

"ಹಳೇ ಆಚಾರಿಗಳು ಯಾವ ಗೈಡ್ ಇಟ್ಟುಕೊಂಡಿದ್ರು?" ಅಂತ ಕೇಳಬಹುದು. ನಿಜ, ಅವರಿಗೆ ಬೇಕಿರಲಿಲ್ಲ. ಹತ್ತು ಹನ್ನೆರಡು ವಯಸ್ಸಿನಿಂದ ಅಪ್ಪನ ಪಕ್ಕ ಕೂತು ಅವರ ಕೈ ಪಳಗಿರುತ್ತದೆ. ಮೂವತ್ತೈದು ವಯಸ್ಸಿಗೆ ಕಲಿಯಲು ಹೊರಟವಳಿಗೆ, ನೀರು ಬಿಡುವ ಹೊತ್ತು ಮತ್ತು ಮಕ್ಕಳು ಶಾಲೆಯಿಂದ ಬರುವ ಹೊತ್ತಿನ ನಡುವೆ ಎರಡು ಗಂಟೆ ಸಿಗುವವಳಿಗೆ, ಅಷ್ಟು ವರ್ಷ ಇಲ್ಲ. ಗೈಡ್ ಆ ವರ್ಷಗಳನ್ನು ಕಡಿಮೆ ಮಾಡುತ್ತದೆ. ಕೈ ಪಳಗಿದ ಮೇಲೆ ಬಿಟ್ಟರೂ ಆಯಿತು.

ಗೈಡ್‌ಗಿಂತ ಮೊದಲು ಬೇಕಾದ್ದು

1. ಕಲ್ಲು. ಒಂದು ಕಡೆ ಒರಟು, ಇನ್ನೊಂದು ಕಡೆ ನಯ ಇರುವ ಸಾಣೆಕಲ್ಲು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. 8 ಇಂಚು ಉದ್ದ, 2 ಇಂಚು ಅಗಲದ್ದು ತೆಗೆದುಕೊಳ್ಳಿ. ಗೈಡಿನ ಉರುಳೆಯೂ ಕಲ್ಲಿನ ಮೇಲೇ ಓಡುವುದರಿಂದ 6 ಇಂಚಿನ ಕಲ್ಲಿನಲ್ಲಿ ಉಳಿಗೆ ಓಡಾಡಲು ಜಾಗ ಉಳಿಯುವುದಿಲ್ಲ.

2. ಕಲ್ಲಿಗೆ ಬದಲು ಗಾಜು. ಗಾಜಿನ ಅಂಗಡಿಯಲ್ಲಿ ಉಳಿದ 8 ಅಥವಾ 10 ಮಿ.ಮೀ. ದಪ್ಪದ ತುಂಡು ಗಾಜು ಕೇಳಿ, ಅಂಚು ಉಜ್ಜಿಸಿಕೊಳ್ಳಿ. ಅದರ ಮೇಲೆ ನೀರು ಹಾಕಿ ಉಜ್ಜುವ ಎಮರಿ ಪೇಪರ್ ಅಂಟಿಸಿ. 220, 400, 800, 1000 ನಂಬರಿನವು ಸಾಕು. ನಂಬರ್ ಹೆಚ್ಚಾದಷ್ಟೂ ಪೇಪರ್ ನಯ. ಆರಂಭಕ್ಕೆ ಇದು ಕಡಿಮೆ ಖರ್ಚಿನ ದಾರಿ. ಆದರೆ ಪೇಪರ್ ಬೇಗ ಸವೆಯುತ್ತದೆ, ಮತ್ತೆ ಮತ್ತೆ ಕೊಳ್ಳಬೇಕು.

3. ಚಪ್ಪಟೆ ಬೆನ್ನು. ಹೊಸ ಉಳಿಯ ಬೆನ್ನು ಕೂಡ ಪೂರ್ತಿ ಮಟ್ಟ ಇರುವುದಿಲ್ಲ. ತುದಿಯಿಂದ ಸುಮಾರು 25 ಮಿ.ಮೀ. ವರೆಗೆ ಬೆನ್ನನ್ನು ಕಲ್ಲಿನ ಮೇಲೆ ಮಟ್ಟವಾಗಿ ಇಟ್ಟು, ಒಂದೇ ಸಮನಾಗಿ ಹೊಳೆಯುವ ತನಕ ಉಜ್ಜಬೇಕು. ಇದನ್ನು ಒಂದು ಸಲ ಸರಿಯಾಗಿ ಮಾಡಿದರೆ ಸಾಕು. ಬೆನ್ನು ಮಟ್ಟ ಇಲ್ಲದಿದ್ದರೆ ಎಷ್ಟು ದುಬಾರಿ ಗೈಡ್ ತಂದರೂ ಬಾಯಿ ಹರಿತವಾಗುವುದಿಲ್ಲ.

ಎರಡು ಬಗೆಯ ಗೈಡ್

ಪಕ್ಕದಿಂದ ಹಿಡಿಯುವುದು: ಉಳಿಯ ಎರಡೂ ಪಕ್ಕಗಳನ್ನು ದವಡೆಯ ಹಾಗೆ ಕಚ್ಚಿ ಹಿಡಿಯುತ್ತದೆ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಜೇಮ್ಸ್ ನೀಲ್ ಕಂಪನಿ 'ಎಕ್ಲಿಪ್ಸ್' ಹೆಸರಿನಲ್ಲಿ ಮಾಡಿದ 36ನೇ ನಂಬರಿನ ಗೈಡ್ ಈ ಬಗೆಯದು. ಅದೇ ಮಾದರಿಯನ್ನು ಇವತ್ತು ಹಲವು ಹೆಸರಿನಲ್ಲಿ ಮಾರುತ್ತಾರೆ. ಬೆಲೆ ಕೆಲವು ನೂರು ರೂಪಾಯಿಗಳಲ್ಲಿ ಇರುತ್ತದೆ. ಇದರ ಒಳ್ಳೆಯ ಗುಣ ಅಂದರೆ ಸ್ಕ್ರೂ ತಿರುಗಿಸಿದಾಗ ಎರಡೂ ದವಡೆ ಸಮನಾಗಿ ಮುಚ್ಚಿಕೊಂಡು ಉಳಿಯನ್ನು ನಡುವೆ ನೇರವಾಗಿ ನಿಲ್ಲಿಸುತ್ತವೆ. ಬಾಯಿ ಓರೆಯಾಗುವುದು ಕಡಿಮೆ. ಕೊರತೆ ಅಂದರೆ ಉರುಳೆ ಕಿರಿದು. ಒಂದು ಬೆರಳಿನಿಂದ ಹೆಚ್ಚು ಒತ್ತಿದರೆ ಆ ಕಡೆಗೆ ವಾಲುತ್ತದೆ. ಸರಿಯಾಗಿ ಎರಕ ಹೊಯ್ಯದ ಗೈಡ್‌ಗಳಲ್ಲಿ ದವಡೆಯ ಒಳಗೆ ಪೇಂಟ್ ಗಂಟು ಕಟ್ಟಿರುತ್ತದೆ.

ಮೇಲಿನಿಂದ ಒತ್ತಿ ಹಿಡಿಯುವುದು: ಉಳಿಯನ್ನು ಒಂದು ಪಟ್ಟಿಯ ಕೆಳಗಿಟ್ಟು ಎರಡು ಸ್ಕ್ರೂಗಳಿಂದ ಬಿಗಿಯುತ್ತಾರೆ. ಉರುಳೆ ಅಗಲವಾಗಿರುವುದರಿಂದ ವಾಲುವುದಿಲ್ಲ. ಕೆನಡಾದ ಲೀ ವ್ಯಾಲಿ ಸಂಸ್ಥೆಯ 'ವೆರಿಟಾಸ್' ಹೆಸರಿನ ಗೈಡ್ ಈ ಬಗೆಯಲ್ಲಿ ಹೆಸರಾದದ್ದು. ಕೋನ ಗೊತ್ತು ಮಾಡುವ ಸಾಧನವೂ ಜೊತೆಗೆ ಬರುತ್ತದೆ. ಆದರೆ ಬೆಲೆ ಸಾವಿರಗಳಲ್ಲಿ. ಇದೇ ಬಗೆಯ ಸಾದಾ ಗೈಡ್‌ಗಳೂ ಸಿಗುತ್ತವೆ. ಇದರ ಕೊರತೆ ಏನೆಂದರೆ ಒಂದು ಸ್ಕ್ರೂ ಹೆಚ್ಚು, ಇನ್ನೊಂದು ಕಡಿಮೆ ಬಿಗಿದರೆ ಉಳಿ ಓರೆಯಾಗುತ್ತದೆ. ಕಾಲು ಇಂಚಿನ ಸಣ್ಣ ಉಳಿ ಪಟ್ಟಿಯ ಕೆಳಗೆ ತಿರುಗಿಬಿಡಬಹುದು. ಪ್ರತಿ ಸಲ ಮೂಲೆಮಟ್ಟ ಇಟ್ಟು ನೋಡಬೇಕು.

ನಿಮ್ಮ ಹತ್ತಿರ ಇರುವ ಉಳಿ ಯಾವುದು?

ಇಲ್ಲೇ ಹೆಚ್ಚಿನವರು ಎಡವುವುದು. ಗೈಡ್ ಚೆನ್ನಾಗಿ ಹೊಳೆಯುತ್ತದೆ ಅಂತ ತರುತ್ತಾರೆ, ಮನೆಗೆ ಬಂದರೆ ಉಳಿ ಅದರಲ್ಲಿ ಕೂರುವುದಿಲ್ಲ. ಮೊದಲು ಮನೆಯಲ್ಲಿರುವ ಉಳಿಗಳನ್ನೆಲ್ಲ ಒಂದು ಬಟ್ಟೆಯ ಮೇಲೆ ಸಾಲಾಗಿ ಇಟ್ಟು ನೋಡಿ.

ಪಕ್ಕದ ಅಂಚುಗಳು ಇಳಿಜಾರಾಗಿ ತೆಳ್ಳಗೆ ಇರುವ, ಕಂಪನಿಯಲ್ಲಿ ತಯಾರಾದ ಉಳಿ ಇದ್ದರೆ ಪಕ್ಕದಿಂದ ಹಿಡಿಯುವ ಗೈಡ್ ಸಾಕು. ಅದರ ಕೆಳಗಿನ ಗಾಡಿ ಇಂಥ ಅಂಚಿಗಾಗಿಯೇ ಮಾಡಿರುವುದು.

ಪಕ್ಕಗಳು ನೇರವಾಗಿ ದಪ್ಪಗೆ ಇರುವ ಉಳಿ ಇದ್ದರೆ ಅದು ಆ ಗಾಡಿಯಲ್ಲಿ ಸರಿಯಾಗಿ ಕೂರದೆ ಇರಬಹುದು. ಅಂಗಡಿಯಲ್ಲೇ ಹಾಕಿ ನೋಡಬೇಕು.

ಕುಲುಮೆಯಲ್ಲಿ ಬಡಿದು ಮಾಡಿದ, ಅಪ್ಪನ ಕಾಲದ ಉಳಿ ಇದ್ದರೆ ಅದರ ಪಕ್ಕಗಳು ಒಂದಕ್ಕೊಂದು ಸಮ ಇರುವುದಿಲ್ಲ. ಹಿಡಿಯ ಕಡೆಗೆ ಅಗಲ, ಬಾಯಿಯ ಕಡೆಗೆ ಕಿರಿದು, ಅಥವಾ ಅದರ ತಿರುವುಮುರುವು. ಪಕ್ಕದಿಂದ ಹಿಡಿಯುವ ಗೈಡ್‌ನಲ್ಲಿ ಅದು ಓರೆಯಾಗುತ್ತದೆ. ಮೇಲಿನಿಂದ ಒತ್ತಿ ಹಿಡಿಯುವುದೇ ಅದಕ್ಕೆ ಸರಿ. ಕಬ್ಬಿಣ ಒಳ್ಳೆಯದಿದ್ದರೆ ಇಂಥ ಉಳಿಯನ್ನು ಹಳೆಯದು ಅಂತ ಗುಜರಿಗೆ ಹಾಕಬೇಡಿ.

ಒಟ್ಟು ಮಾತು ಇಷ್ಟೇ: ಗೈಡ್ ನೋಡಿ ಉಳಿ ಹುಡುಕಬೇಡಿ, ಉಳಿ ನೋಡಿ ಗೈಡ್ ಆರಿಸಿ.

ಅಂಗಡಿಯಲ್ಲಿ ನೋಡಬೇಕಾದ್ದು

ಬೆಂಗಳೂರಿನಲ್ಲಿ ಹಾರ್ಡ್‌ವೇರ್, ಉಪಕರಣಗಳ ಅಂಗಡಿಗಳು ಸಾಲಾಗಿ ಇರುವುದು ಕೆ.ಆರ್. ಮಾರ್ಕೆಟ್ ಬಳಿಯ ಎಸ್.ಜೆ.ಪಿ. ರಸ್ತೆಯಲ್ಲಿ. ದಾಸರಹಳ್ಳಿಯಿಂದ ಹಸಿರು ಮಾರ್ಗದ ಮೆಟ್ರೋ ನೇರವಾಗಿ ಅಲ್ಲಿಗೆ ಹೋಗುತ್ತದೆ. ಆದರೆ ಮೆಟ್ರೋ ತಪಾಸಣೆಯಲ್ಲಿ ಹರಿತವಾದ ಸಾಮಾನುಗಳನ್ನು ತಡೆಯುತ್ತಾರೆ. ಉಳಿ ಜೊತೆಗಿರುವ ದಿನ ಬಸ್ಸೇ ಒಳ್ಳೆಯದು. ಬಾಯಿಗೆ ಥರ್ಮೋಕೋಲ್ ಚುಚ್ಚಿ, ದಪ್ಪ ಬಟ್ಟೆಯಲ್ಲಿ ಸುತ್ತಿ ಚೀಲದ ತಳದಲ್ಲಿ ಇಡಿ. ಎರಡು ಮೂರು ಅಂಗಡಿಯಲ್ಲಿ ಬೆಲೆ ಕೇಳಿ. ಇಬ್ಬರು ಸದಸ್ಯೆಯರು ಜೊತೆಯಾಗಿ ಹೋಗಿ.

ದುಡ್ಡು ಕೊಡುವ ಮುಂಚೆ ಈ ಆರು ಪರೀಕ್ಷೆ ಮಾಡಿ:

1. ನಿಮ್ಮ ಅತಿ ಸಣ್ಣ ಉಳಿ ಮತ್ತು ಅತಿ ಅಗಲದ ಉಳಿ ಎರಡನ್ನೂ ಹಾಕಿ ಬಿಗಿಯಿರಿ. ಕೈಯಿಂದ ಅಲ್ಲಾಡಿಸಿ. ಅಲುಗಿದರೆ ಬೇಡ.

2. ಉರುಳೆಯನ್ನು ಬೆರಳಿನಿಂದ ತಿರುಗಿಸಿ. ಸಲೀಸಾಗಿ ತಿರುಗಬೇಕು, ಆದರೆ ಪಕ್ಕಕ್ಕೆ ಲಟಲಟ ಆಡಬಾರದು.

3. ಉಳಿ ಬಿಗಿದ ಗೈಡನ್ನು ಅಂಗಡಿಯ ಕೌಂಟರ್ ಗಾಜಿನ ಮೇಲೆ ನಿಲ್ಲಿಸಿ. ಉಳಿಯ ಬಾಯಿ ಗಾಜಿಗೆ ತಾಗುವ ಕಡೆ ಕಣ್ಣು ಇಟ್ಟು ನೋಡಿ. ಬಾಯಿ ನೇರವಾಗಿರುವ ಉಳಿಯೇ ಒಂದು ಕಡೆ ತಾಗಿ ಇನ್ನೊಂದು ಕಡೆ ಬೆಳಕು ಕಂಡರೆ ದವಡೆ ಮತ್ತು ಉರುಳೆ ಒಂದಕ್ಕೊಂದು ಸಮ ಇಲ್ಲ ಎಂದು ಅರ್ಥ. ಬೇರೆ ತೆಗೆಸಿ.

4. ದವಡೆಯ ಒಳಗೆ ಬೆರಳಾಡಿಸಿ. ಪೇಂಟ್ ಗಂಟು ಇದ್ದರೆ ಅರದಿಂದ ಉಜ್ಜಿ ತೆಗೆಯಬಹುದು. ಎರಕವೇ ಸೊಟ್ಟಗಿದ್ದರೆ ಏನೂ ಮಾಡಲಾಗದು.

5. ಸ್ಕ್ರೂ ನಿಮ್ಮ ಕೈಯಲ್ಲೇ ಬಿಗಿಯಲು ಬರುತ್ತದೆಯೇ ನೋಡಿ. ಸಾಮಾನ್ಯವಾಗಿ ಕೊನೆಯ ಸುತ್ತಿಗೆ ಸ್ಕ್ರೂಡ್ರೈವರ್ ಬೇಕಾಗುತ್ತದೆ. ಅದು ಮನೆಯಲ್ಲಿ ಇರಲಿ.

6. ಬಿಲ್ ಕೇಳಿ ತೆಗೆದುಕೊಳ್ಳಿ. ಸರಿ ಇಲ್ಲದಿದ್ದರೆ ಬದಲಾಯಿಸಿ ಕೊಡುತ್ತಾರೋ ಅಂತ ಮೊದಲೇ ಕೇಳಿ. ಸಂಘದ ಹಣವಾದರೆ ಬಿಲ್ಲಿಲ್ಲದೆ ಏನನ್ನೂ ಕೊಳ್ಳಬಾರದು.

ಫೋನಿನಲ್ಲಿ ಆನ್‌ಲೈನ್ ತರಿಸುವವರು ಈ ಪರೀಕ್ಷೆಗಳನ್ನು ಸಾಮಾನು ಬಂದ ದಿನವೇ ಮಾಡಿ. ವಾಪಸ್ ಕಳಿಸುವ ದಿನ ದಾಟಲು ಬಿಡಬೇಡಿ.

ಖರ್ಚಿಲ್ಲದ ಕೋನದ ಹಲಗೆ

ಪಕ್ಕದಿಂದ ಹಿಡಿಯುವ ಗೈಡ್‌ನಲ್ಲಿ ಕೋನವನ್ನು ಗೊತ್ತು ಮಾಡುವುದು ಉಳಿಯ ತುದಿ ಎಷ್ಟು ಮುಂದೆ ಚಾಚಿದೆ ಎಂಬುದು. ಎಕ್ಲಿಪ್ಸ್ ಮಾದರಿಯಲ್ಲಿ ಉಳಿಯನ್ನು 40 ಮಿ.ಮೀ. ಚಾಚಿದರೆ 25 ಡಿಗ್ರಿ, 30 ಮಿ.ಮೀ. ಚಾಚಿದರೆ 30 ಡಿಗ್ರಿ. ತೋಪಡದ ಅಲಗಿಗೆ ಲೆಕ್ಕ ಬೇರೆ: 50 ಮಿ.ಮೀ.ಗೆ 25 ಡಿಗ್ರಿ, 38 ಮಿ.ಮೀ.ಗೆ 30 ಡಿಗ್ರಿ. ಉಳಿ ಕೆಳಗಿನ ಗಾಡಿಯಲ್ಲಿ, ಅಲಗು ಮೇಲಿನ ಗಾಡಿಯಲ್ಲಿ ಕೂರುವುದರಿಂದ ಈ ವ್ಯತ್ಯಾಸ.

ಪ್ರತಿ ಸಲ ಸ್ಕೇಲ್ ಹಿಡಿಯುವ ಕಷ್ಟ ಬೇಡ. ಒಂದು ಅಂಗೈ ಅಗಲದ ಪ್ಲೈವುಡ್ ತುಂಡು ತೆಗೆದುಕೊಳ್ಳಿ. ಅದರ ಅಂಚಿನಿಂದ 30 ಮಿ.ಮೀ. ದೂರಕ್ಕೆ ಒಂದು ಪುಟ್ಟ ಮರದ ಚೂರು, ಪಕ್ಕದಲ್ಲಿ 40 ಮಿ.ಮೀ. ದೂರಕ್ಕೆ ಇನ್ನೊಂದು ಚೂರು ಅಂಟಿಸಿ ಮೊಳೆ ಹೊಡೆಯಿರಿ. ಗೈಡನ್ನು ಪ್ಲೈವುಡ್ಡಿನ ಅಂಚಿಗೆ ಒತ್ತಿ, ಉಳಿಯ ತುದಿ ಚೂರಿಗೆ ತಾಗುವ ತನಕ ಸರಿಸಿ, ಸ್ಕ್ರೂ ಬಿಗಿಯಿರಿ. ಅಷ್ಟೇ. ಓದು ಬಾರದವರೂ ಬಳಸಬಹುದು. ಸಾವಿರಾರು ರೂಪಾಯಿಯ ಗೈಡಿನ ಜೊತೆ ಬರುವ ಸಾಧನ ಮಾಡುವ ಕೆಲಸವನ್ನು ಈ ಹಲಗೆ ಮಾಡುತ್ತದೆ.

ಬೇರೆ ಹೆಸರಿನ ಗೈಡ್‌ಗಳಲ್ಲಿ ಅಳತೆ ಸ್ವಲ್ಪ ಆಚೀಚೆ ಇರುತ್ತದೆ. ಮಕ್ಕಳ ಜಾಮಿಟ್ರಿ ಬಾಕ್ಸಿನ ಕೋನಮಾಪಕದಿಂದ ರಟ್ಟಿನಲ್ಲಿ 30 ಡಿಗ್ರಿಯ ಮೂಲೆ ಕತ್ತರಿಸಿಕೊಳ್ಳಿ. ಕಲ್ಲಿಗೂ ಉಳಿಗೂ ನಡುವೆ ಪಕ್ಕದಿಂದ ಹಿಡಿದು ಒಮ್ಮೆ ನೋಡಿ, ಆಮೇಲೆ ಹಲಗೆಯ ಚೂರು ಹೊಡೆಯಿರಿ. 10 ಮಿ.ಮೀ. ವ್ಯತ್ಯಾಸಕ್ಕೆ 5 ಡಿಗ್ರಿ ಅಂದರೆ 2 ಮಿ.ಮೀ.ಗೆ ಸುಮಾರು 1 ಡಿಗ್ರಿ ಆಯಿತು. ಒಂದೆರಡು ಡಿಗ್ರಿ ಹೆಚ್ಚುಕಡಿಮೆ ಆದರೆ ಕೆಲಸ ಕೆಡುವುದಿಲ್ಲ. ಮುಖ್ಯ ಅಂದರೆ ಪ್ರತಿ ಸಲ ಅದೇ ಕೋನ ಬರಬೇಕು. ಇಲ್ಲದಿದ್ದರೆ ಪ್ರತಿ ಸಲವೂ ಹೊಸದಾಗಿ ಕಬ್ಬಿಣ ಸವೆಸಬೇಕು.

ಬಳಸುವ ಕ್ರಮ

1. ಕೋನದ ಹಲಗೆಯಲ್ಲಿ 30 ಮಿ.ಮೀ.ಗೆ ಉಳಿ ಬಿಗಿಯಿರಿ.

2. ಕಲ್ಲಿಗೆ ಎಣ್ಣೆ ಅಥವಾ ನೀರು ಹಾಕಿ. ಒಮ್ಮೆ ಎಣ್ಣೆ ಹಾಕಿದ ಕಲ್ಲಿಗೆ ಮತ್ತೆ ನೀರು ಹಾಕಬೇಡಿ.

3. ಎರಡು ತೋರುಬೆರಳುಗಳನ್ನು ಉಳಿಯ ಮೇಲೆ, ಬಾಯಿಯ ಹತ್ತಿರ ಸಮನಾಗಿ ಇಟ್ಟು ಮುಂದಕ್ಕೆ ಹಿಂದಕ್ಕೆ ಓಡಿಸಿ. ಎಮರಿ ಪೇಪರ್ ಆದರೆ ನಿಮ್ಮ ಕಡೆಗೆ ಎಳೆಯುವಾಗ ಮಾತ್ರ ಒತ್ತಿ. ಮುಂದಕ್ಕೆ ತಳ್ಳಿದರೆ ಪೇಪರ್ ಹರಿಯುತ್ತದೆ.

4. ಒರಟು ಕಡೆಯಲ್ಲಿ ಉಜ್ಜುತ್ತಾ ಬೆನ್ನಿನ ಕಡೆಯಿಂದ ಬಾಯಿಯ ಆಚೆಗೆ ಬೆರಳನ್ನು ಹಗುರವಾಗಿ ಸರಿಸಿ ನೋಡಿ. ಬಾಯಿಯ ಉದ್ದಕ್ಕೂ ತೆಳುವಾದ ಬರ್ ಸಿಗಬೇಕು. ಪೀಣ್ಯದಲ್ಲಿ ಡೀಬರಿಂಗ್ ಕೆಲಸ ಮಾಡಿದ ಅಕ್ಕಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬರ್ ಬಂದಿಲ್ಲ ಅಂದರೆ ಬಾಯಿಯ ತನಕ ಇನ್ನೂ ಮುಟ್ಟಿಲ್ಲ. ಮುಂದಿನ ಕಲ್ಲಿಗೆ ಹೋಗಬೇಡಿ.

5. ನಯದ ಕಡೆಯಲ್ಲಿ ಹತ್ತು ಹದಿನೈದು ಸಲ ಓಡಿಸಿ.

6. ಗೈಡ್ ಬಿಚ್ಚಿ, ಬೆನ್ನನ್ನು ನಯದ ಕಲ್ಲಿನ ಮೇಲೆ ಪೂರ್ತಿ ಮಟ್ಟವಾಗಿ ಇಟ್ಟು ಎರಡು ಮೂರು ಸಲ ಉಜ್ಜಿ ಬರ್ ತೆಗೆಯಿರಿ. ಬೆನ್ನನ್ನು ಎತ್ತಬೇಡಿ.

7. ಹಳೆಯ ಚರ್ಮದ ಬೆಲ್ಟನ್ನು ಹಲಗೆಗೆ ಅಂಟಿಸಿಕೊಂಡು ಅದರ ಮೇಲೆ ಹಿಂದಕ್ಕೆ ಮಾತ್ರ ಎಳೆಯಿರಿ.

ಹರಿತವಾಯಿತೋ ಇಲ್ಲವೋ ಅಂತ ಹೆಬ್ಬೆರಳಿನಲ್ಲಿ ನೋಡಬೇಡಿ. ಮೃದು ಮರದ ತುದಿಯನ್ನು, ಅಂದರೆ ಅಡ್ಡ ಕೊಯ್ದ ಕಡೆಯನ್ನು ಕೈಯಿಂದಲೇ ಸೀಳಿ ನೋಡಿ. ನುಣ್ಣಗೆ ಹೊಳೆಯುವ ಹಾಗೆ ಕತ್ತರಿಸಿದರೆ ಹರಿತ ಸರಿ. ಪುಡಿಪುಡಿಯಾಗಿ ಕಿತ್ತು ಬಂದರೆ ಇನ್ನೂ ಮೊಂಡು.

ಗೈಡ್ ಓಡಿಸುತ್ತಾ ಹೋದರೆ ಕಲ್ಲಿನ ನಡುಭಾಗ ತಗ್ಗಾಗುತ್ತದೆ. ಆಗಾಗ ಜಾಗ ಬದಲಾಯಿಸಿ. ತಗ್ಗಾದರೆ ಗಾಜಿನ ಮೇಲೆ ಒರಟು ಎಮರಿ ಪೇಪರ್ ಹಾಕಿ, ಕಲ್ಲನ್ನೇ ಅದರ ಮೇಲೆ ಉಜ್ಜಿ ಮಟ್ಟ ಮಾಡಿ. ಕೆಲಸ ಮುಗಿದ ಮೇಲೆ ಉರುಳೆಯ ಕೆಸರು ಒರೆಸಿ ಅಚ್ಚಿಗೆ ಒಂದು ತೊಟ್ಟು ಎಣ್ಣೆ ಬಿಡಿ.

ಗೈಡ್ ಯಾವುದಕ್ಕೆ ಬೇಡ?

ಬಾಯಿ ಮುಕ್ಕಾದ ಉಳಿಗೆ ಮೊದಲು ಗ್ರೈಂಡರ್ ಚಕ್ರ ಬೇಕು. ಹೊರಗೆ ಕೊಡುವುದಾದರೆ ಪಕ್ಕದಲ್ಲೇ ನಿಂತು ನೋಡಿ. ಪದೇ ಪದೇ ನೀರಿಗೆ ಅದ್ದದೆ ಒತ್ತಿ ಹಿಡಿದರೆ ತುದಿ ಬಿಸಿಯಾಗಿ ನೀಲಿ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಗೆ ಆ ಕಬ್ಬಿಣದ ಹದ ಹೋಯಿತು, ಎಷ್ಟು ಸಾಣೆ ಹಿಡಿದರೂ ಹರಿತ ನಿಲ್ಲುವುದಿಲ್ಲ. ನೀಲಿಯಾದ ಭಾಗವನ್ನು ಪೂರ್ತಿ ಸವೆಸಿಯೇ ತೆಗೆಯಬೇಕು.

ಗೈಡ್ ಇರುವುದು ಚಪ್ಪಟೆ ಉಳಿಗೆ ಮತ್ತು ತೋಪಡದ ಅಲಗಿಗೆ. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಲೇತ್‌ನಲ್ಲಿ ಕಡೆದು ಅರಗಿನ ಬಣ್ಣ ಹಚ್ಚುವ ಬೊಂಬೆ ಕೆಲಸ ಎಲ್ಲರಿಗೂ ಗೊತ್ತು. ಆ ಕೆಲಸದಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಅಲ್ಲಿ ಬಳಸುವ ಗುಂಡು ಬಾಯಿಯ ಉಳಿಗಳಿಗೆ ಈ ಗೈಡ್ ಆಗುವುದಿಲ್ಲ. ಕೆತ್ತನೆಯ ಬಾಗು ಉಳಿಗೂ ಆಗುವುದಿಲ್ಲ. ನಿಮ್ಮ ಸಂಘ ಲೇತ್ ಕೆಲಸ ಅಥವಾ ಕೆತ್ತನೆ ಮಾಡುವುದಾದರೆ ಇದಕ್ಕೆ ದುಡ್ಡು ಹಾಕಬೇಡಿ. ತಿಂಗಳಿಗೊಮ್ಮೆ ಉಳಿ ಮುಟ್ಟುವವರಿಗೂ ಇದು ಬೇಕಾಗಿಲ್ಲ.

ಸಂಘದ ಹಣದಲ್ಲಿ ಕೊಳ್ಳಬೇಕೇ?

ಒಂದೊಂದು ಮನೆಗೆ ಒಂದೊಂದು ಗೈಡ್ ಬೇಡ. ಸಂಘಕ್ಕೆ ಒಂದು ಸಾಕು. ಲೆಕ್ಕಕ್ಕಾಗಿ ಒಂದು ಉದಾಹರಣೆ ನೋಡಿ. ಗೈಡ್, ಕಲ್ಲು, ಗಾಜು ಎಲ್ಲ ಸೇರಿ 1,500 ರೂಪಾಯಿ ಆಯಿತು ಅಂದುಕೊಳ್ಳಿ. 15 ಜನ ಸದಸ್ಯೆಯರಿದ್ದರೆ ತಲೆಗೆ 100 ರೂಪಾಯಿ. ಈಗ ಇನ್ನೊಂದು ಕಡೆ ಬರೆಯಿರಿ: ಹೊರಗೆ ಸಾಣೆ ಹಿಡಿಸಲು ಒಂದು ಉಳಿಗೆ ಎಷ್ಟು ಕೊಡುತ್ತೀರಿ? ತಿಂಗಳಿಗೆ ಎಷ್ಟು ಸಲ? ಹೋಗಿ ಬರುವ ಖರ್ಚು ಎಷ್ಟು? ಕಾದು ಕೂತ ದಿನಗಳ ಕೂಲಿ ಎಷ್ಟು? ಎರಡನ್ನೂ ಹೋಲಿಸಿ ನಿರ್ಧಾರ ಮಾಡಿ. ನಿರ್ಧಾರವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಯಾರ ಮನೆಯಲ್ಲಿ ಇರುತ್ತದೆ, ಯಾರು ಯಾವ ದಿನ ಒಯ್ದರು, ಯಾವಾಗ ತಂದರು ಎಂಬುದಕ್ಕೆ ಒಂದು ನೋಟ್‌ಬುಕ್ ಇರಲಿ. ಸಾಮಾನು ಸಣ್ಣದು, ಆದರೆ ಜಗಳ ಹುಟ್ಟುವುದು ಸಣ್ಣ ಸಾಮಾನಿನಿಂದಲೇ.

ಕೇಂದ್ರ ಸರಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ ಕೆಲಸ ಮತ್ತು ಬೊಂಬೆ ತಯಾರಿಕೆ ಎರಡೂ ಅದರಲ್ಲಿವೆ. ಈ ಕಸುಬನ್ನು ಸ್ವಂತವಾಗಿ ಮಾಡುತ್ತಿರುವ, 18 ವರ್ಷ ತುಂಬಿದ ಹೆಂಗಸರೂ ಅರ್ಜಿ ಹಾಕಬಹುದು. ಆಯ್ಕೆಯಾದವರಿಗೆ 5ರಿಂದ 7 ದಿನದ ಮೂಲ ತರಬೇತಿ, ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣ ಕೊಳ್ಳಲು 15,000 ರೂಪಾಯಿ ತನಕದ ಇ-ವೋಚರ್ ಉಂಟು. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಗಂಡನ ಹೆಸರಲ್ಲಿ ಈಗಾಗಲೇ ನೋಂದಣಿ ಆಗಿದ್ದರೆ ಹೆಂಡತಿಗೆ ಸಿಗುವುದಿಲ್ಲ. ಆದ್ದರಿಂದ ಯಾರ ಹೆಸರಲ್ಲಿ ಹಾಕಬೇಕು ಅಂತ ಮನೆಯಲ್ಲಿ ಕೂತು ಮಾತಾಡಿ ಆಮೇಲೆ ಹಾಕಿ. ಅರ್ಜಿ ಹಾಕುವುದು ಸಾಮಾನ್ಯ ಸೇವಾ ಕೇಂದ್ರದಲ್ಲಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್, ಮೊಬೈಲ್ ಜೊತೆಗೆ ಇರಲಿ. ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಡಿ.

ಎಚ್ಚರಿಕೆ

• ಉಳಿ ಬಳಸುವಾಗ ಎರಡೂ ಕೈ ಬಾಯಿಯ ಹಿಂದೆ ಇರಲಿ. ಮರವನ್ನು ಕೈಯಲ್ಲಿ ಹಿಡಿಯದೆ ಕ್ಲ್ಯಾಂಪ್ ಹಾಕಿ.

• ಪ್ಯಾಲೆಟ್ ಮರದಲ್ಲಿ ಮುರಿದ ಮೊಳೆ ಇರುತ್ತದೆ. ಉಳಿ ಇಡುವ ಮುಂಚೆ ಆಯಸ್ಕಾಂತ ಆಡಿಸಿ ನೋಡಿ. ಒಂದು ಮೊಳೆಗೆ ತಗುಲಿದರೆ ಒಂದು ವಾರದ ಸಾಣೆ ಹಾಳು.

• ಒಂದೇ ಕೋಣೆಯ ಮನೆಯಲ್ಲಿ ಮಕ್ಕಳ ಕೈಗೆ ಸಿಗದಂತೆ ಉಳಿಗೆ ಮುಚ್ಚಳ ಹಾಕಿ ಎತ್ತರದಲ್ಲಿ ಇಡಿ.

• ಗಾಯವಾದರೆ ಅರಿಶಿನ ಒತ್ತಿ ಸುಮ್ಮನಾಗಬೇಡಿ. ತೊಳೆದು, ಶುಭ್ರ ಬಟ್ಟೆ ಕಟ್ಟಿ, ಆಸ್ಪತ್ರೆಗೆ ಹೋಗಿ ಟಿ.ಟಿ. ಇಂಜೆಕ್ಷನ್ ಬೇಕೇ ಅಂತ ಕೇಳಿ.

ನೆನಪಿಡಿ

• ಗೈಡ್ ಕೋನ ಹಿಡಿಯುತ್ತದೆ, ಹರಿತ ಮಾಡುವುದು ಕಲ್ಲು.

• ಉಳಿ ನೋಡಿ ಗೈಡ್ ಆರಿಸಿ. ಉಳಿಯನ್ನು ಅಂಗಡಿಗೆ ಒಯ್ಯದೆ ಕೊಳ್ಳಬೇಡಿ.

• ದುಬಾರಿ ಗೈಡ್‌ಗಿಂತ ಮಟ್ಟವಾದ ಬೆನ್ನು, ಮಟ್ಟವಾದ ಕಲ್ಲು, ಒಂದು ಪ್ಲೈವುಡ್ ಹಲಗೆ ಹೆಚ್ಚು ಕೆಲಸಕ್ಕೆ ಬರುತ್ತವೆ.

ಸಂತ ಜೋಸೆಫರು ಬಡಗಿಯಾಗಿ ದುಡಿದು ಕುಟುಂಬ ಸಾಕಿದವರು. 1955ರಲ್ಲಿ ಹನ್ನೆರಡನೇ ಭಕ್ತಿನಾಥ ಪಿಯುಸ್ ಜಗದ್ಗುರುಗಳು ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವಾಗಿ ಗೊತ್ತು ಮಾಡಿದರು. ಕೈಕೆಲಸಕ್ಕೆ ಇರುವ ಗೌರವ ಅದು. ಆ ಗೌರವದಲ್ಲಿ ಉಳಿ ಹಿಡಿದ ಹೆಣ್ಣುಮಗಳಿಗೂ ಸಮಪಾಲು ಇದೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಯಾರ ಯಾರ ಮನೆಯಲ್ಲಿ ಉಳಿ ಇದೆ? ಎಷ್ಟು, ಯಾವ ಬಗೆಯವು?

2. ಕಳೆದ ಮೂರು ತಿಂಗಳಲ್ಲಿ ಉಪಕರಣ ಮೊಂಡಾಗಿ ಕೆಲಸ ನಿಂತದ್ದು ಎಷ್ಟು ದಿನ? ಅದರಿಂದ ಆದ ನಷ್ಟ ಎಷ್ಟು?

3. ನಮಗೆ ಗೈಡ್ ನಿಜವಾಗಿ ಬೇಕೇ? ಬೇಕಾದರೆ ಯಾವ ಬಗೆಯದು? ಬೇಡವಾದರೆ ಯಾಕೆ?

4. ನಮ್ಮಲ್ಲಿ ಯಾರು ಮೊದಲು ಕಲಿತು ಉಳಿದವರಿಗೆ ಕಲಿಸುತ್ತಾರೆ?

ಮುಂದಿನ ಸಭೆಗೆ ಕೆಲಸ: ಪ್ರತಿಯೊಬ್ಬರೂ ಮನೆಯಲ್ಲಿರುವ ಒಂದು ಉಳಿಯನ್ನು ಬಟ್ಟೆಯಲ್ಲಿ ಸುತ್ತಿ ತನ್ನಿ. ಎಲ್ಲವನ್ನೂ ಸಾಲಾಗಿ ಇಟ್ಟು ಪಕ್ಕದ ಅಂಚು, ಬೆನ್ನು, ಬಾಯಿ ನೋಡಿ, ಮೂರು ಗುಂಪು ಮಾಡಿ. ಯಾವ ಗುಂಪಿನಲ್ಲಿ ಹೆಚ್ಚು ಉಳಿ ಇವೆಯೋ ಅದಕ್ಕೆ ತಕ್ಕ ಗೈಡಿನ ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.